ಉರ್ಸುಲಾಳ ಹೆಬ್ಬೆರಳು

ಇಲೊಯಿಲೊ ಪಟ್ಟಣದ ಲಪಾಸ್ ಪೇಟೆಯ ಹಿಂದಿನ ಓಣಿಯಲ್ಲಿ ಉಳುಕಿಲ್ಲದ ಮನುಷ್ಯನೇ ಇರಲಿಲ್ಲ. ಇದ್ದರೂ, ಉರ್ಸುಲಾಳ ಜಗಲಿಯಲ್ಲಿ ಕೂತು ಹರಟೆ ಹೊಡೆಯುವುದಕ್ಕಾದರೂ ಒಂದು ಉಳುಕು ಹುಟ್ಟಿಸಿಕೊಂಡು ಬರುತ್ತಿದ್ದ. ಅವಳ ಅಜ್ಜಿ ಹಿಲೋತ್, ತಾಯಿ ಹಿಲೋತ್, ಅವಳೂ ಹಿಲೋತ್. ಎಣ್ಣೆ ಹಚ್ಚಿ ನೀವಿ ಉಳುಕು ತೆಗೆಯುವವರ ವಂಶ. ಬಾಳೆಲೆಯ ಸೀಳಿಗೆ ಕೊಬ್ಬರಿ ಎಣ್ಣೆ ಸವರಿ ಮೈಮೇಲೆ ಜಾರಿಸುತ್ತ ಹೋಗುವಳು. ಎಲೆ ಎಲ್ಲಿ ಅಂಟಿಕೊಂಡಿತೋ ಅಲ್ಲಿ ನೋವು. ಆಮೇಲೆ ಹೆಬ್ಬೆರಳಿನ ಕೆಲಸ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಈ ಊರಿನ ಗಂಡಸರ ಬೆನ್ನನ್ನೆಲ್ಲ ನೋಡಿದ್ದೇನೆ, ಒಂದಾದರೂ ನೆಟ್ಟಗಿದ್ದಿದ್ದರೆ ಕಟ್ಟಿಕೊಳ್ಳುತ್ತಿದ್ದೆ ಎನ್ನುವಳು.

ಮನೆಯಲ್ಲಿ ಅವಳಿಗೆ ಜೊತೆ ಟಿಕೋಯ್. ಉದ್ದ ಮೈ, ಗಿಡ್ಡ ಕಾಲು, ಮನೆಗೆ ಬಂದವರ ಚಪ್ಪಲಿಯೆಲ್ಲ ತನ್ನದೇ ಎಂಬ ನಂಬಿಕೆಯ ನಾಯಿ. ಒಂದು ದಿನ ಬೆಂಚಿನಿಂದ ಎಂದಿನಂತೆ ಜಿಗಿದವನು ಬೆನ್ನು ಗೂನು ಮಾಡಿಕೊಂಡು ನಿಂತ. ಹಿಂಗಾಲು ಒಂದಕ್ಕೊಂದು ತೊಡರಿತು. ಉರ್ಸುಲಾ ತನಗೆ ತಿಳಿದದ್ದನ್ನೇ ಮಾಡಿದಳು. ಎಲೆ ಜಾರಿಸಿದಳು, ನಡುಬೆನ್ನಿನಲ್ಲಿ ಅಂಟಿತು. ಹೆಬ್ಬೆರಳೂರಿ ಒತ್ತಿದಳು. ಟಿಕೋಯ್ ಒಮ್ಮೆ ಕುಂಯ್ ಎಂದು ಅವಳ ಕೈಯನ್ನೇ ನೆಕ್ಕಿದ. ಮರುದಿನ ಬೆಳಿಗ್ಗೆ ಅವನು ಹಿಂಗಾಲೆರಡನ್ನೂ ಒದ್ದೆ ಬಟ್ಟೆಯಂತೆ ನೆಲದ ಮೇಲೆ ಎಳೆದುಕೊಂಡು ಅವಳ ಹಾಸಿಗೆಯ ಬಳಿ ಬಂದ.

ನಾಯಿ ಡಾಕ್ಟರು ಲಿರಿಯೊ ಅದೇ ಪೇಟೆಯ ಹುಡುಗಿ. ಚಿಕ್ಕಂದಿನಲ್ಲಿ ಅವಳ ಕಾಲುಳುಕು ತೆಗೆದವಳೂ ಉರ್ಸುಲಾಳೇ. ಲಿರಿಯೊ ಬೇರೇನೂ ಮುಟ್ಟದೆ ಮೊದಲು ಹಿಂಗಾಲಿನ ಬೆರಳನ್ನು ಚಿಮುಟದಿಂದ ಹಿಂಡಿದಳು. ಟಿಕೋಯ್ ತಿರುಗಿ ಕಚ್ಚಲು ಬಂದ. ಲಿರಿಯೊಳ ಮುಖ ಅರಳಿತು.

"ನೋವು ಗೊತ್ತಾಗ್ತಿದೆ. ನೋವಿರೋವರೆಗೂ ಆಸೆ ಇಟ್ಕೋಬೋದು, ಮನಾಂಗ್."

ಮನಾಂಗ್ ಎಂದರೆ ಅಕ್ಕ. ಓಣಿಗೆಲ್ಲ ಉರ್ಸುಲಾ ಅಕ್ಕನೇ. ಬೆನ್ನುಮೂಳೆಗಳ ನಡುವೆ ಮೆತ್ತೆಗಳಿರುತ್ತವೆ, ಒಂದು ಮೆತ್ತೆ ಜಾರಿ ಒಳಗಿನ ನರವನ್ನು ಅದುಮಿದೆ, ಈ ಉದ್ದ ಮೈಯ ಜಾತಿಗೆ ಇದು ಹುಟ್ಟಿನಿಂದಲೇ ಬಂದ ಕಾಟ ಎಂದು ಲಿರಿಯೊ ತಿಳಿಸಿದಳು. ಮಾತ್ರೆ ಕೊಟ್ಟು, ಇಕ್ಕಟ್ಟಾದ ಗೂಡಿನಲ್ಲಿ ಇಡಬೇಕು, ವಾರಗಟ್ಟಲೆ ಓಡಾಟವಿಲ್ಲ, ಜಿಗಿತವಿಲ್ಲ ಎಂದಳು. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಸೊಂಟದಡಿ, ಬೆನ್ನು ಹಲಗೆಯಂತೆ ಇರಬೇಕು.

"ನಿನ್ನೆ ನಾನೇ ಒತ್ತಿದ್ದೆ, ದೊಕ್," ಎಂದಳು ಉರ್ಸುಲಾ. "ನನ್ನಿಂದ್ಲೇ ಹಿಂಗಾಯ್ತಾ?"

ಲಿರಿಯೊ ಸುಳ್ಳು ಸಮಾಧಾನ ಹೇಳಲಿಲ್ಲ. "ಮೊದ್ಲೇ ಜಾರಿತ್ತು. ಒತ್ತಿದ್ದು ಒಳ್ಳೇದಂತೂ ಮಾಡ್ಲಿಲ್ಲ. ಎಷ್ಟು ಕೆಟ್ಟದ್ ಮಾಡ್ತು ಅಂತ ಯಾರ್ ಹೇಳಕ್ಕಾಗತ್ತೆ?"

ಉರ್ಸುಲಾ ಮನೆಗೆ ಬಂದವಳೇ ಎಣ್ಣೆ ಶೀಸೆಯನ್ನು ಬಾಲಯೇಸುವಿನ ಮೂರ್ತಿಯ ಮುಂದಿಟ್ಟು ಹರಕೆ ಹೊತ್ತಳು: ಟಿಕೋಯ್ ತಾನಾಗಿ ನಡೆದು ಜಗಲಿಗೆ ಬರುವವರೆಗೂ ಯಾರ ಬೆನ್ನನ್ನೂ ಮುಟ್ಟುವುದಿಲ್ಲ. ಬಾರದೇ ಹೋದರೆ? ಮೂರು ತಲೆಮಾರಿನ ಕೈಗುಣ ತನ್ನೊಂದಿಗೇ ಮುಗಿಯಲಿ.

ಪಕ್ಕದ ಮನೆಯ ದೊಮಿಂಗ್, ಮೋಟಾರ್ ಬೈಕಿಗೆ ಪಕ್ಕಗಾಡಿ ಕಟ್ಟಿದ ಬಾಡಿಗೆ ಟ್ರೈಸಿಕಲ್ ಓಡಿಸುವವ, ಕೋಳಿ ಕಾಳಗದ ಮರುಳ. ತನ್ನ ಹುಂಜದ ಗೂಡನ್ನೇ ತಂದುಕೊಟ್ಟ. ನನ್ನ ಹುಂಜ ಮೂರು ಸಲ ಗೆದ್ದು ಈ ಗೂಡಿಗೆ ಬಂದಿದ್ದು, ನಿಮ್ಮವನು ಏನು ಗೆದ್ದ ಎಂದು ರೇಗಿಸಿದ. ಓಣಿಯವರು ಉಳುಕು ಹೊತ್ತುಕೊಂಡು ಮಾರುಕಟ್ಟೆಯಾಚೆಯ ಇನ್ನೊಬ್ಬ ಹಿಲೋತ್ ಬಳಿಗೆ ಹೋದರು. ನಾಯಿಗೋಸ್ಕರ ಮನುಷ್ಯರನ್ನು ಬಿಟ್ಟಳು ಎಂದು ಆಡಿಕೊಂಡರು. ಆಡುವವರ ಬಾಯಿಗೆ ಉಳುಕಿಲ್ಲವಲ್ಲ.

ಟಿಕೋಯ್‌ಗೆ ಉಚ್ಚೆ ತಾನಾಗಿ ಹೋಗುತ್ತಿರಲಿಲ್ಲ. ಕಿಬ್ಬೊಟ್ಟೆಯಲ್ಲಿ ತುಂಬಿದ ಚೀಲವನ್ನು ಹುಡುಕಿ ಮೆಲ್ಲಗೆ ಅದುಮುವುದನ್ನು ಲಿರಿಯೊ ಕಲಿಸಿಕೊಟ್ಟಳು. ಹಣ್ಣಾದ ಮಾವನ್ನು ಒಡೆಯದೆ ಹಿಡಿಯುವಷ್ಟೇ ಬಲ. ಹಾಸು ಒದ್ದೆಯಾಗದಂತೆ, ಹುಣ್ಣಾಗದಂತೆ ಅವನ ಮಗ್ಗುಲು ಬದಲಿಸುತ್ತ ಉರ್ಸುಲಾ ಗೂಡಿನ ಪಕ್ಕದಲ್ಲೇ ದಿನ ಕಳೆದಳು. ಕಣ್ಣೆದುರಿಗೇ ಆ ನಡುಬೆನ್ನು. ಹೆಬ್ಬೆರಳು ತುರಿಸುತ್ತಿತ್ತು. ಆಗೆಲ್ಲ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರುವಳು. ಸುಮ್ಮನಿರುವುದೂ ಒಂದು ಕೆಲಸ ಎಂದು ಅಜ್ಜಿಯಾಗಲಿ ತಾಯಿಯಾಗಲಿ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅದು ಅವಳಿಗೆ ತುಂಬ ಕಷ್ಟವಾಯಿತು.

ಮಳೆಗಾಲ ಕಳೆದ ಮೇಲೆ ಲಿರಿಯೊ ಒಂದಿಷ್ಟು ಸಡಿಲ ಬಿಟ್ಟಳು. ಪಾದವನ್ನು ಮಡಿಸಿ ಬಿಡಿಸುವುದು. ಹೊಟ್ಟೆಯಡಿ ಟವೆಲ್ ಕೊಟ್ಟು ಸೊಂಟ ಎತ್ತಿ ಹಿಡಿದು ನಡೆಸುವುದು. ನುಣುಪು ನೆಲ ಬೇಡ, ಚಾಪೆಯ ಮೇಲೇ. ಮೊದಮೊದಲು ಟವೆಲ್ಲೇ ನಡೆಯಿತು, ನಾಯಿ ತೂಗಿತು. ಆಮೇಲೊಂದು ಬೆಳಿಗ್ಗೆ ಅವಳು ಗಂಜಿ ತರುವಾಗ ಟಿಕೋಯ್‌ನ ಬಾಲ ಗೂಡಿನ ಸರಳಿಗೆ ಬಡಿಯಿತು. ಉರ್ಸುಲಾ ಗಂಜಿ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ಅತ್ತಳು. ಆದರೆ ಬಾಲ ಆಡಿದರೆ ಹರಕೆ ತೀರುವುದಿಲ್ಲ.

ಜನವರಿಯಲ್ಲಿ ಬರುವ ಬಾಲಯೇಸುವಿನ ಹಬ್ಬಕ್ಕೆ ಡೋಲಿನ ತಾಲೀಮು ಶುರುವಾಗಿದ್ದ ಹೊತ್ತು. ದೊಮಿಂಗ್ ಚರಂಡಿಗೆ ಚಕ್ರ ಇಳಿದ ಗಾಡಿಯನ್ನು ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡ. ಹೆಂಡತಿ ಲಿತಾ ಅದೇ ಗಾಡಿಯಲ್ಲಿ ಅವನನ್ನು ಹಾಕಿಕೊಂಡು ಬಂದು ಜಗಲಿಯ ಬೆಂಚಿನ ಮೇಲೆ ಬೋರಲು ಮಲಗಿಸಿದಳು. ಉರ್ಸುಲಾ ಆಗುವುದಿಲ್ಲ ಎಂದಳು. ಲಿತಾ ಬೇಡಿಕೊಂಡಳು. ಆಗುವುದಿಲ್ಲ.

ಅಷ್ಟರಲ್ಲಿ ಒಳಗಿನಿಂದ ಉಗುರು ಕೆರೆಯುವ ಸದ್ದು. ಗೂಡಿನ ಬಾಗಿಲು ತೆರೆದೇ ಇತ್ತು. ದೊಮಿಂಗನ ಗಾಡಿಯ ಸದ್ದು ಗುರುತಿಸಿ ಟಿಕೋಯ್ ಬರುತ್ತಿದ್ದ. ಹಿಂಬದಿ ಕುಡುಕನಂತೆ ಓಲಾಡುತ್ತಿತ್ತು. ಒಂದು ಪಾದ ಮಡಚಿಕೊಂಡಿತು, ತಾನೇ ಸರಿಪಡಿಸಿಕೊಂಡ. ಹೊಸ್ತಿಲು ದಾಟಿ, ಬೆಂಚಿನ ತನಕ ಬಂದು, ದೊಮಿಂಗನ ಚಪ್ಪಲಿಯ ಮೇಲೆ ಕುಕ್ಕರಿಸಿದ.

"ಹರಕೆ ತೀರ್ತಲ್ಲ ಮನಾಂಗ್," ಎಂದ ದೊಮಿಂಗ್, ನೋವಿನಲ್ಲೂ ನಗುತ್ತ. "ಇನ್ನೇನ್ ನೆಪ ಹೇಳ್ತೀರಾ?"

ಉರ್ಸುಲಾ ಕಣ್ಣೊರೆಸಿಕೊಂಡು ಶೀಸೆ ತಂದಳು. ಎಲೆ ಜಾರಿಸಿದಳು. ಸೊಂಟದ ಮೇಲೆ ಅಂಟಿತು. ಇಷ್ಟು ದಿನ ಕಾದಿದ್ದ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಯಿತು, ಹೋಗಿ ನಿಂತಿತು. ಅವಳು ಎದ್ದು ಬೆಂಚಿನ ಕಾಲುದೆಸೆಗೆ ಬಂದು ಅವನ ಎಡಗಾಲಿನ ಬೆರಳನ್ನು ಬಲವಾಗಿ ಚಿವುಟಿದಳು.

"ನೋವಾಯ್ತೇನೋ?"

"ಏನು?"

"ಚಿವುಟಿದ್ನಲ್ಲೋ."

"ಯಾವಾಗ?" ಎಂದ ದೊಮಿಂಗ್.

ಉರ್ಸುಲಾ ಶೀಸೆಯ ಬಿರಡೆ ಹಾಕಿದಳು. ಮೀನು ತರುವ ಪಿಕಪ್ಪನ್ನು ಕರೆಸಲು ಲಿತಾಳಿಗೆ ಹೇಳಿ, ಅಡುಗೆಮನೆಯ ಬಾಗಿಲಿನ ಹಲಗೆಯನ್ನು ತಾನೇ ಕಳಚಿ ತಂದಳು. ದೊಮಿಂಗನ ನಗು ಹಾರಿಹೋಗಿತ್ತು.

"ಆಸ್ಪತ್ರೆ ಯಾಕೆ? ಒಂದ್ಸಲ ಒತ್ತಿ ನೋಡಿ, ಮನಾಂಗ್. ನಿಮ್ ಕೈ ಮೇಲೆ ನಂಗೆ ನಂಬಿಕೆ ಇದೆ."

"ನಂಗೂ ಇದೆ ಕಣೋ. ಅದ್ಕೇ ಒತ್ತಲ್ಲ."

ಒಂದು ಕೈ ಎದೆಯಡಿ, ಒಂದು ಕೈ ಸೊಂಟದಡಿ, ಬೆನ್ನು ಬಾಗಬಾರದು ಎಂದು ಎತ್ತಲು ಬಂದವರಿಗೆಲ್ಲ ಗದರುತ್ತ ಅವನನ್ನು ಹಲಗೆಗೆ ಸಾಗಿಸಿದಳು. ಪಿಕಪ್ಪಿನ ಹಿಂದೆ ಅವನ ಕಾಲ ಬಳಿ ಕೂತಳು. ಆಸ್ಪತ್ರೆ ಬರುವವರೆಗೂ ಆ ಎಡಗಾಲಿನ ಬೆರಳನ್ನು ಚಿವುಟುತ್ತಲೇ ಇದ್ದಳು, ಅವನು ಬೈಯಲಿ ಎಂದು ಕಾಯುತ್ತ.