ಮೇ ತಿಂಗಳ ಹೀಟರ್

"ಅಕ್ಕೋರೆ, ಈ ಹೀಟರ್ ಪೈಪ್ ಬಂದ್ ಮಾಡಿ ಬಿಡ್ಲೇನ್ರಿ?"

ಕಳೆದ ಭಾನುವಾರ ಆಳಂದದ ಖಜೂರಿ ರಸ್ತೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಖಾಜಾ ಭಾಯ್ ಹೀಗೆ ಕೇಳಿದರು. ಅವರ ತಲೆ ಬಾನೆಟ್ಟಿನೊಳಗಿತ್ತು. ಹೊರಗೆ ರಣಬಿಸಿಲು. ತಗಡಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೇಯುತ್ತ ಕೂತಿದ್ದ ನನಗೆ ನಗು ತಡೆಯಲಿಲ್ಲ. ನಮ್ಮ ಕಡೆ ಹೀಟರ್! ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಕಾಯಿಸಿಟ್ಟಂಥ ನೀರು ಬರುವ ಊರಿನವರು ನಾವು. ನಮಗೆ ಹೀಟರ್ ಇದ್ದರೆಷ್ಟು, ಬಿಟ್ಟರೆಷ್ಟು?

ಆದರೂ "ಹೂಂ, ಮಾಡ್ರಿ" ಅನ್ನಲು ಬಾಯಿ ಬರಲಿಲ್ಲ.

ಕಾರಿನ ಕಥೆ ಮೊದಲು ಹೇಳಿಬಿಡುತ್ತೇನೆ. ಅದು ನನ್ನ ಅಪ್ಪನದು. ಜೇವರ್ಗಿಯಲ್ಲಿ ಅಪ್ಪನದು ಕಾಳುಕಡಿ ವ್ಯಾಪಾರದ ಅಡತಿ ಅಂಗಡಿ. ಬೀಡಿ ಇಲ್ಲ, ಎಲೆ ಇಲ್ಲ, ಇದ್ದದ್ದು ಈ ಬಿಳಿ ಕಾರಿನ ಚಟ ಒಂದೇ. ಮುಂಜಾನೆ ಎದ್ದವರೇ ಮೊದಲು ಕಾರು ಒರೆಸಬೇಕು, ಆಮೇಲೆ ಚಹಾ. (ಅವ್ವ ಈ ಕಾರಿಗೆ "ನನ್ನ ಸವತಿ" ಅನ್ನುತ್ತಿದ್ದಳು.) ಅಪ್ಪ ತೀರಿಕೊಂಡ ಮೇಲೆ ಅದು ಆಳಂದದ ನಮ್ಮ ಮನೆಗೆ ಬಂತು. ಬಂದದ್ದೇ ಬಂತು, ಶೆಡ್ಡಿನಲ್ಲಿ ಕೂತುಬಿಟ್ಟಿತು. ಓಣಿಯ ಕೋಳಿಗಳು ಅದರ ಕೆಳಗೆ ಸಂಸಾರ ಹೂಡಿದ್ದವು.

ಈಗ ನಮ್ಮ ಮಗಳು ಸುಮಾಳ ಮದುವೆ. ಅಫಜಲಪುರದ ಹುಡುಗ, ಅಲ್ಲೇ ಮದುವೆ. ಮದುಮಗಳದು ಒಂದೇ ಹಟ: "ಮಮ್ಮಿ, ನಾ ಹೋದ್ರ ಅಜ್ಜನ ಕಾರಿನಾಗೇ ಹೋಗಾಕಿ. ಬ್ಯಾರೆ ಯಾ ಗಾಡೀನೂ ಹತ್ತಂಗಿಲ್ಲ." ಹತ್ತುವುದೇನೋ ಸರಿ, ಹಳೆಯ ಇಂಜಿನ್ ಏಳಬೇಕಲ್ಲ? ಅದು ಪೂರಾ ಕೂತುಹೋಗಿತ್ತು. ಹಾಗಾಗಿ ಬೇರೊಂದು ಗಾಡಿಯ ಡೀಸೆಲ್ ಇಂಜಿನ್ ತಂದು ಇದರೊಳಗೆ ಕೂರಿಸುವ ಕೆಲಸ ಶುರುವಾಯಿತು. (ಆರ್‌ಟಿಒ ಕಾಗದಪತ್ರ ಎಲ್ಲ ಸರಿ ಇದೆ. ಗಾಬರಿಯಾಗಬೇಡಿ.)

"ಬಂದ್ ಯಾಕ ಮಾಡಬೇಕ್ರಿ?" ಅಂದೆ.

"ಈ ಇಂಜಿನ್‌ದಾಗ ಪೈಪಿನ ಬಾಯಿ ಬ್ಯಾರೆ ಕಡೆ ಅವರಿ. ಬಿಸಿ ನೀರು ಒಂದು ಪೈಪಿಲೆ ಒಳಗ ಹೀಟರಿಗಿ ಹೋಗ್ತದ, ಇನ್ನೊಂದರಿಂದ ವಾಪಸ್ ಬರ್ತದ. ಅಲ್ಲಿತನಕ ಹೊಸ ಪೈಪ್ ಎಳದ್ರ ಜೋಡು ಜಾಸ್ತಿ. ಜೋಡು ಜಾಸ್ತಿ ಆದ್ರ ಲೀಕ್ ಆಗೋ ಜಾಗಾನೂ ಜಾಸ್ತಿ. ಇಲ್ಲೇ ಎರಡೂ ಬಾಯಿಗಿ ಒಂದು ಸಣ್ಣ ಪೈಪ್ ಹಾಕಿ ಕ್ಲಿಪ್ ಬಿಗದ್ರ ಖೇಲ್ ಖತಂ."

ಪಕ್ಕದಲ್ಲೇ ನಿಂತಿದ್ದ ನಮ್ಮ ಮನೆಯವರು "ಬಂದ್ ಮಾಡ್ರಿ, ಮಾಡ್ರಿ. ಮದುವಿ ದಿನ ದಾರ್ಯಾಗ ನಿಂತ್ರ ಮರ್ಯಾದಿ ಹೋಗ್ತದ" ಅಂದರು. ಮಗಳ ಮದುವೆಯ ದಿನ ಕಾರು ಓಡಿಸುವವರು ಅವರೇ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮದುವಿ ದಿನದ್ದು ನೆನಪದ ಇಲ್ಲೋ?" ಅಂತ ಕಣ್ಣು ಮಿಟುಕಿಸಿದರು.

ನೆನಪಿಲ್ಲದೆ ಏನು! ನಮ್ಮ ಎರಡೂ ಮನೆಗಳಲ್ಲಿ ಇಂದಿಗೂ ಚಹಾದ ಜತೆ ಹಂಚುವ ಕಥೆ ಅದು. ಖಾಜಾ ಭಾಯ್‌ಗೂ ಹೇಳಿದೆ.

ಮೇ ತಿಂಗಳು. ಜೇವರ್ಗಿಯಿಂದ ಆಳಂದಕ್ಕೆ ನನ್ನನ್ನು ಇದೇ ಕಾರಿನಲ್ಲಿ ಕರೆದುಕೊಂಡು ಹೊರಟರು. ಅಪ್ಪ ಸ್ಟೇರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಅವ್ವ, ಹಿಂದೆ ನಾನು ಮತ್ತು ನಮ್ಮ ಚಿಕ್ಕಮ್ಮ, ಅಂದರೆ ಕಾಕಿ. ಭೀಮಾ ಸೇತುವೆ ದಾಟಿ, ಕಲಬುರಗಿ ದಾಟುವ ಹೊತ್ತಿಗೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ನಿಲ್ಲಿಸಿ ಆರಿಸೋಣವೆಂದರೆ ಅಕ್ಕಿಕಾಳಿನ ಮುಹೂರ್ತ ಮೀರುತ್ತದೆ. ಅಪ್ಪ ಏನು ಮಾಡಿದರು ಗೊತ್ತೇ? ಹೀಟರ್ ಹಾಕಿದರು! ಪೂರ್ತಿ!

ತಲೆ ಕೆಟ್ಟಿತ್ತೇ? ಇಲ್ಲ. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ನಮ್ಮ ಕಡೆ ಬರುತ್ತದೆ, ಇಂಜಿನ್ ತಣ್ಣಗಾಗುತ್ತದೆ. ಕಿಟಕಿ ತೆರೆದರೆ ಬಿಸಿಗಾಳಿ, ಮುಚ್ಚಿದರೆ ಒಲೆ. ನನ್ನ ಮುಡಿಗೆ ಕಟ್ಟಿದ ದಂಡಿಯ ಮಲ್ಲಿಗೆ ಬಾಡಿತು. ಕಾಡಿಗೆ ಕೆನ್ನೆಗೆ ಬಂತು, ಅರಿಸಿನ ಕುಪ್ಪಸಕ್ಕೆ ಇಳಿಯಿತು. ಕಾಕಿ ಲಗ್ನಪತ್ರಿಕೆಯಿಂದ ಗಾಳಿ ಹಾಕಿ ಹಾಕಿ ಸುಸ್ತಾದಳು. ಕಡಗಂಚಿ ಬರುವಷ್ಟರಲ್ಲಿ ಮುಳ್ಳು ಕೆಳಗಿಳಿದಿತ್ತು. ಅವ್ವ "ಸಾಕು, ಬಂದ್ ಮಾಡ್ರಿ, ಹುಡುಗಿ ಸಾಯ್ತಾಳ" ಅಂದಳು. ಅಪ್ಪ ಕೇಳಲಿಲ್ಲ. ಆಳಂದದ ಹಂದರದ ಮುಂದೆ ನಿಲ್ಲಿಸುವವರೆಗೂ ಹೀಟರ್ ಓಡುತ್ತಲೇ ಇತ್ತು. ಆರತಿ ಹಿಡಿದು ಬಂದ ನಮ್ಮ ಅತ್ತೆ ನನ್ನ ಮುಖ ನೋಡಿ, "ಯಪ್ಪಾ, ಹುಡುಗೀನ್ನ ಕುದಿಸಿ ತಂದೀರೇನ್ರಿ?" ಅಂದರು.

ಖಾಜಾ ಭಾಯ್ ಸ್ಪ್ಯಾನರ್ ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ನಮ್ಮ ಮನೆಯವರು ಮಾತ್ರ ಈ ಸಲ ನಗಲಿಲ್ಲ. ಕಥೆಯನ್ನು ನೂರು ಸಲ ಕೇಳಿದವರು, ಈಗ ಹೊಸದಾಗಿ ಕೇಳಿದವರ ಹಾಗೆ ನಿಂತಿದ್ದರು.

"ಅಲ್ಲಾ, ಕಡಗಂಚ್ಯಾಗೇ ಮುಳ್ಳು ಇಳದಿತ್ತಂತಿ. ಮತ್ತ ಮಾವ ಹೀಟರ್ ಯಾಕ ಬಂದ್ ಮಾಡಲಿಲ್ಲ?"

ಯಾಕೆ? ಇಷ್ಟು ವರ್ಷ ಈ ಪ್ರಶ್ನೆ ನಮ್ಮ ಯಾರಿಗೂ ಬಂದಿರಲಿಲ್ಲ. ಅಪ್ಪ ಗಾಡಿಯ ಸದ್ದಿನಲ್ಲೇ ಅದರ ಜ್ವರ ಹೇಳುತ್ತಿದ್ದವರು. ಬೇಡದಿದ್ದಾಗ ಒಂದು ದೀಪವನ್ನೂ ಉರಿಯಲು ಬಿಡದ ಮನುಷ್ಯ.

ಆಗ ನೆನಪಾಯಿತು, ಅಪ್ಪನ ಹೆಗಲ ಮೇಲಿನ ಬಿಳಿ ಟವೆಲ್ಲು. ಕಡಗಂಚಿ ದಾಟಿದ ಮೇಲೆ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು. ಎದುರಿನ ಕನ್ನಡಿಯಲ್ಲಿ ಕಾಣುತ್ತಿತ್ತು. ನಾವೆಲ್ಲರೂ ಒರೆಸಿಕೊಳ್ಳುತ್ತಿದ್ದೆವಲ್ಲ, ಯಾರು ಗಮನಿಸುತ್ತಾರೆ? ಕಣ್ಣು ಕೆಂಪಾಗಿದ್ದಕ್ಕೂ ಕಾಕಿ ಬಿಸಿಗಾಳಿಯನ್ನೇ ಬೈದಳು.

ಅವತ್ತು ಸಂಜೆ ನನ್ನನ್ನು ಒಪ್ಪಿಸಿಕೊಡುವಾಗ ಅವ್ವ ಅತ್ತಳು, ಕಾಕಿ ಅತ್ತಳು, ಪರಿಚಯವೇ ಇಲ್ಲದ ಬ್ಯಾಂಡಿನವನ ಹೆಂಡತಿಯೂ ಅತ್ತಳು. ಅಪ್ಪ ಮಾತ್ರ ಪಾತ್ರೆ ಏರಿಸುವ ಟೆಂಪೋದವನನ್ನು ಗದರಿಸುತ್ತ ದೂರ ನಿಂತಿದ್ದರು. ಅಪ್ಪನಿಗೆ ಒಂದು ಹನಿಯೂ ಬರಲಿಲ್ಲವಲ್ಲ ಅಂತ ನನಗೆ ಬಹಳ ದಿನ ನೋವಿತ್ತು. ಅವ್ವನ ಹತ್ತಿರ ಅಂದದ್ದೂ ಉಂಟು. ಅಪ್ಪನ ಹತ್ತಿರ ಕೇಳಲಿಲ್ಲ, ಈಗ ಕೇಳಲು ಅಪ್ಪ ಇಲ್ಲ.

ಗ್ಯಾರೇಜಿನಲ್ಲಿ ನನ್ನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡೆ. ನಾನು ಹೆಂಗಸು, ನೆಪ ಹುಡುಕಬೇಕಿರಲಿಲ್ಲ. "ಅಪ್ಪ ದಾರ್ಯಾಗೇ ಅತ್ತು ಮುಗಿಸಿದ್ರು, ನೋಡ್ರಿ" ಅಂದೆ.

ನಮ್ಮ ಮನೆಯವರು ಕಾರಿನ ಬಾಗಿಲು ತೆಗೆದು ಸ್ಟೇರಿಂಗ್ ಮುಂದೆ ಕೂತರು. ಹೀಟರಿನ ಲಿವರ್ ಆ ಕಡೆ, ಈ ಕಡೆ ಸರಿಸಿ ನೋಡಿದರು. ಹಿಂದಿನ ಸೀಟು ಕಾಣುವ ಹಾಗೆ ಕನ್ನಡಿ ತಿರುಗಿಸಿದರು. ಅಲ್ಲಿ ಯಾರೂ ಕೂತಿರಲಿಲ್ಲ. ಆದರೂ ಸ್ವಲ್ಪ ಹೊತ್ತು ನೋಡಿದರು.

ಆಮೇಲೆ ಕೆಳಗಿಳಿದು ಹೇಳಿದರು: "ಖಾಜಾ ಭಾಯ್, ಸದ್ಯ ಬಂದ್ ಮಾಡಬ್ಯಾಡ್ರಿ. ಛಲೋ ಪೈಪ್ ಹಾಕಿ ಹೀಟರ್ ಚಾಲೂ ಇಡ್ರಿ. ಮದುವಿ ಮುಗೀಲಿ, ಆಮ್ಯಾಲ ಬಂದ್ ಮಾಡಾಕ ಬರ್ತದ."

"ಈ ಬಿಸಲಾಗ ಹೀಟರ್ ಏನ್ ಮಾಡ್ತೀರಿ ಸರ್?" ಖಾಜಾ ಭಾಯ್ ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಅವರು ಹೊಸ ಪೈಪಿನ ಸುರುಳಿ ಹುಡುಕಲು ಒಳಗೆ ಹೋದರು.

ಮಗಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮೇಕಪ್ ಕೆಡುತ್ತದೆಂದು ಕೂಗಾಡುತ್ತಾಳೆ. ಕೂಗಾಡಲಿ, ದಾರಿಯಲ್ಲಿ ಹೇಗಿದ್ದರೂ ಬೇಯುವವಳಿದ್ದಾಳೆ.

ನನ್ನದು ಒಂದೇ ಪ್ರಶ್ನೆ: ನಮ್ಮ ಗಂಡಸರು ಮಗಳಿಗಾಗಿ ನಾಲ್ಕು ಹನಿ ಕಣ್ಣೀರು ಹಾಕಬೇಕೆಂದರೆ, ಒಂದು ಇಂಜಿನ್ನೇ ಬಿಸಿಯಾಗಬೇಕೇನು?