ಅಕ್ಕನ ಹಸಿವು

ಹೊಳೆನರಸೀಪುರದಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಅರಕಲಗೂಡಿನ ಕಡೆಯ ಹಳ್ಳಿಯಿಂದ ಅಕ್ಕ ಬಂದಾಗಲೆಲ್ಲ ಕೆಳಗಿನಿಂದಲೇ ನನ್ನ ಹೆಸರು ಕೂಗುತ್ತ ಮೆಟ್ಟಿಲು ಹತ್ತುತ್ತಿದ್ದಳು. ಆ ದಿನ ಕೂಗು ಕೇಳಲಿಲ್ಲ. ಇಣುಕಿದರೆ ಅರ್ಧ ಮೆಟ್ಟಿಲಲ್ಲಿ ಕೂತಿದ್ದಾಳೆ. ಮಡಿಲಲ್ಲಿ ಅವರೆಕಾಯಿ ಚೀಲ.

"ಉಸ್ರು ಸಾಲ್ದು ಕಣೆ ಸುಜಿ. ಒಸಿ ತಾಳು, ಬತ್ತೀನಿ."

ಅಕ್ಕ ದಣಿದು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ, ಆ ಬಿಸಿ ಗೂಡುಗಳ ಹೊಗೆಯಲ್ಲಿ, ವರ್ಷಗಟ್ಟಲೆ ಕೂಲಿ ಮಾಡಿದವಳು. ಕೆಮ್ಮು ಹಳೆಯದೇ. ಅಲರ್ಜಿ ಎಂದುಕೊಂಡು ಸಿರಪ್ ಕುಡಿಸಿ ಸುಮ್ಮನಿದ್ದೆವು. ಹಾಸನದಲ್ಲಿ ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು, "ಶ್ವಾಸಕೋಶ ಗಟ್ಟಿಯಾಗ್ತಾ ಇದೆಯಮ್ಮ. ಐಎಲ್‌ಡಿ ಅಂತೀವಿ. ಹೊಗೆಯಿಂದಲೋ ಧೂಳಿಂದಲೋ, ಇಂಥದ್ರಿಂದಲೇ ಅಂತ ಹೇಳೋಕಾಗಲ್ಲ. ಸ್ಟೆರಾಯ್ಡ್ ಶುರು ಮಾಡೋಣ. ಶುಗರ್ ಇದೆಯಾ?" ಎಂದರು.

"ಇಲ್ಲ ಸಾ" ಎಂದಳು ಅಕ್ಕ, ಹೆಮ್ಮೆಯಿಂದ.

"ಈ ಮಾತ್ರೆಯಿಂದ ಬರಬಹುದು. ಟೆಸ್ಟ್ ಮಾಡಿಸ್ತಾ ಇರಿ."

ಅಕ್ಕನನ್ನು ನನ್ನಲ್ಲೇ ಇಟ್ಟುಕೊಂಡೆ. ಕೆಲವೇ ದಿನಗಳಲ್ಲಿ ಉಸಿರು ಹಗುರಾಯಿತು. ನಿಲ್ಲದೆ ಮೆಟ್ಟಿಲು ಹತ್ತಿದಳು. ಅದರ ಹಿಂದೆಯೇ ಹಸಿವು ಬಂತು.

ಈ ಹಸಿವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವ್ವ ತೀರಿಕೊಂಡಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಸಾಕಿದವಳು ಅಕ್ಕ. ನನಗೆ ಬಡಿಸಿ, ಉಳಿದರೆ ಉಣ್ಣುವಳು. ಉಳಿಯದಿದ್ದರೆ ಪಾತ್ರೆಯ ತಳ ಕೆರೆದು, "ನಂಗೆ ತಳ ಅತ್ತಿದ್ದೇ ಇಷ್ಟ ಕಣೆ" ಎನ್ನುವಳು. ನಾನು ಅದನ್ನು ನಂಬಿಕೊಂಡೇ ಬೆಳೆದೆ. ಅಂಥವಳು ಒಂದು ಮಧ್ಯಾಹ್ನ ತಟ್ಟೆ ಮುಂದೆ ಮಾಡಿ ಕೇಳಿದಳು:

"ಇನ್ನೊಂದ್ ಮುದ್ದೆ ಐತಾ?"

ನನಗೆ ಅಳು ಬಂದುಬಿಟ್ಟಿತು. ಕೇಳಿದಷ್ಟು ಹಾಕಿದೆ. ಶುಗರ್ ಬಂದೀತೆಂದು ಅನ್ನ ಕಮ್ಮಿ ಮಾಡಿ ಮುದ್ದೆಯನ್ನೇ ಬಡಿಸಿದೆ; ಮುದ್ದೆ ಉಣ್ಣುವವರ ಹತ್ತಿರ ಶುಗರ್ ಸುಳಿಯುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರ ನಂಬಿಕೆ. ವಾರಕ್ಕೊಮ್ಮೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದೊಯ್ಯುತ್ತಿದ್ದೆ. ಪ್ರತಿ ಸಲವೂ ನಾರ್ಮಲ್. ಅಕ್ಕನ ಮುಖ ದುಂಡಗಾಯಿತು. "ತಂಗಿ ಮನೆ ಊಟ ಮೈಗತ್ತದೆ ಕಣಕ್ಕ" ಎಂದರು ಪಕ್ಕದ ಮನೆಯವರು. ನಾನು ಬೀಗಿದೆ.

ಆಮೇಲೆ ಬಾಯಾರಿಕೆ. ಚೊಂಬುಗಟ್ಟಲೆ ನೀರು ಕುಡಿಯುವಳು, ಬಾತ್‌ರೂಮಿಗೆ ಓಡುವಳು. ನಾನು ಹೊಲಿದ ಬ್ಲೌಸುಗಳಿಗೆ ಹುಕ್ ಹಾಕಿಕೊಡುತ್ತಿದ್ದವಳು ಸೂಜಿಗೆ ದಾರ ಪೋಣಿಸಲಾರದೆ, "ಕಣ್ಣು ಮಂಜಾಯ್ತದೆ" ಎಂದಳು. "ಮುದುಕಿಯಾದೆ ಕಣಕ್ಕ" ಎಂದು ರೇಗಿಸಿದೆ. ಒಂದು ದಿನ ಊಟವಾಗಿ ಮಲಗಿದವಳನ್ನು ಕಾಫಿಗೆ ಎಬ್ಬಿಸಿದರೆ ಏಳಲಿಲ್ಲ. ಕಣ್ಣು ಬಿಟ್ಟಳು, ನನ್ನನ್ನು ಅವ್ವ ಎಂದು ಕರೆದಳು. ಆಟೋ ಕರೆಸಿ ಆಸ್ಪತ್ರೆಗೆ ಓಡಿದೆ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರು. ನಾನೂರು ದಾಟಿತ್ತು.

"ಪ್ರತಿ ವಾರ ಖಾಲಿ ಹೊಟ್ಟೇಲಿ ನೋಡ್ಸಿದೀನಿ ಸಾ. ಎಲ್ಲಾ ನಾರ್ಮಲ್. ಅನ್ನ ಕಮ್ಮಿ ಮಾಡಿ ಮುದ್ದೆನೇ ಬಡ್ಸಿದೀನಿ" ಎಂದೆ, ಜಗಳಕ್ಕೆ ನಿಂತವಳಂತೆ.

ಡಾಕ್ಟರ್ ಬೈಯಲಿಲ್ಲ. "ಬೆಳಗ್ಗೆ ತಗೊಂಡ ಸ್ಟೆರಾಯ್ಡ್ ಮಧ್ಯಾಹ್ನ, ಸಂಜೆ ಶುಗರ್ ಏರಿಸುತ್ತೆ. ರಾತ್ರಿ ಕಳೆಯೋದ್ರೊಳಗೆ ಇಳಿದುಬಿಡುತ್ತೆ. ಅದಕ್ಕೇ ಊಟ ಆದ ಮೇಲೂ ನೋಡಿಸ್ಬೇಕು. ಮುದ್ದೆನೂ ಲೆಕ್ಕಕ್ಕೆ ಬರುತ್ತಮ್ಮ."

"ಹಂಗಾದ್ರೆ ಆ ಮಾತ್ರೆನೇ ನಿಲ್ಸಿಬಿಡಿ."

"ಏಕಾಏಕಿ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ನಿಧಾನಕ್ಕೆ ಇಳಿಸೋಣ. ಅಲ್ಲೀವರೆಗೆ ಇನ್ಸುಲಿನ್."

ಅಕ್ಕ ಚೇತರಿಸಿಕೊಂಡು ಮನೆಗೆ ಬಂದಳು. ನಾನು ಅವಳ ತಟ್ಟೆಗೆ ಕಾವಲುಗಾರ್ತಿಯಾದೆ. ಒಂದು ಸಣ್ಣ ಮುದ್ದೆ, ಜಾಸ್ತಿ ಸೊಪ್ಪು, ಕಾಳು. ಆದರೆ ಮಾತ್ರೆ ತಂದ ಹಸಿವಿಗೆ ಅಳತೆ ಗೊತ್ತಿಲ್ಲವಲ್ಲ. ಉಂಡು ಎದ್ದವಳು ಮತ್ತೆ ಅಡುಗೆಮನೆ ಬಾಗಿಲಿಗೆ ಬಂದು, "ಒಸಿ ಕೊಡೆ" ಎನ್ನುವಳು. ನಾನು ಮೊದಲೇ ಸಿಡುಕಿ. "ಸಾಯ್ಬೇಕು ಅಂತ ಮಾಡಿದೀಯಾ?" ಎಂದು ಗದರುವೆ. ಒಮ್ಮೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನೀರು ಹಾಕಿ ನೆನೆಸಿಟ್ಟ ಮುದ್ದೆ ಪಾತ್ರೆಯ ತಳವನ್ನು ಉಗುರಿನಲ್ಲಿ ಕೆರೆದು ತಿನ್ನುತ್ತಿದ್ದಳು. ಪಾತ್ರೆ ಕಿತ್ತುಕೊಂಡೆ. ಅಕ್ಕ ಸಿಟ್ಟಾಗಲಿಲ್ಲ. ಕೈ ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಅಂದಳು:

"ಆಗ ನಿಂಗೋಸ್ಕರ ಒಟ್ಟೆ ಕಟ್ದೆ. ಈಗ ನೀನೇ ಕಟ್ಟುಸ್ತಿದೀಯ ಕಣಮ್ಮಿ."

ಅವಳಿಗೆ ಕಾಣದಂತೆ ಬಚ್ಚಲಿಗೆ ಹೋಗಿ ಅತ್ತೆ. ಆದರೂ ಕೊಡಲಿಲ್ಲ.

ಡಾಕ್ಟರ್ ಮಾತ್ರೆ ಇಳಿಸುತ್ತ ಬಂದರು. ಊಟದ ನಂತರದ ಶುಗರ್ ಕೂಡ ಇಳಿಯಿತು. ಇನ್ಸುಲಿನ್ ನಿಂತಿತು. ಅಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ. ಹೊಸ ಸ್ಕ್ಯಾನ್ ನೋಡಿ ಡಾಕ್ಟರ್ ನನ್ನನ್ನು ಮಾತ್ರ ಒಳಗೆ ಕರೆದರು. ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ, ಅದು ಹರಡುತ್ತಿದೆ, ಸ್ಟೆರಾಯ್ಡ್‌ನಿಂದ ಇನ್ನು ಹೆಚ್ಚು ಉಪಯೋಗವಿಲ್ಲ ಎಂದರು.

ಈಗ ಮನೆಯಲ್ಲಿ ಆಕ್ಸಿಜನ್ ಮಿಷಿನ್ ಇದೆ. ನನ್ನ ಹೊಲಿಗೆ ಮಿಷಿನ್ ಪಕ್ಕದಲ್ಲೇ ಅದರ ಸದ್ದು. ಮೂಗಿಗೆ ನಳಿಕೆ ಹಾಕಿಕೊಂಡು ಮಂಚದ ಮೇಲೆ ಕೂತು ಅಕ್ಕ ಹುಕ್ ಹಾಕುತ್ತಾಳೆ. ಕಣ್ಣಿನ ಮಂಜು ಹೋಗಿದೆ. "ಈ ಕಾಜಾ ಸೊಟ್ಟಗೈತೆ ನಿನ್ನಂಗೆ" ಎಂದು ಕಿಚಾಯಿಸುತ್ತಾಳೆ. ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತೇನೆ.

ಹಸಿವು ಮಾತ್ರ ಮಾತ್ರೆಯ ಜೊತೆಗೇ ಹೊರಟುಹೋಯಿತು. ಮಾತಾಡಿದರೆ ಉಣ್ಣಲು ಉಸಿರಿಲ್ಲ, ಉಂಡರೆ ಮಾತಿಗೆ ಉಸಿರಿಲ್ಲ. ನಿನ್ನೆ ಬಿಸಿ ಮುದ್ದೆ ಕಟ್ಟಿ, ಅವರೆಕಾಳು ಸಾರು ಬಿಟ್ಟು ತಟ್ಟೆ ಇಟ್ಟೆ. ಎರಡು ತುತ್ತು ನುಂಗಿದಳು.

"ಇನ್ನೊಂಚೂರು ತಿನ್ನಕ್ಕ" ಎಂದೆ. ಪಾತ್ರೆ ಕಿತ್ತುಕೊಂಡಿದ್ದ ಕೈಯಲ್ಲೇ ಅವಳ ಕೈ ಹಿಡಿದುಕೊಂಡಿದ್ದೆ.

ಅಕ್ಕ ನಕ್ಕಳು. ಉಳಿದ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ಉಸಿರು ಕೂಡಿಸಿಕೊಂಡು ಅಂದಳು:

"ನಂಗೆ ಸಾಕು ಕಣೆ. ನೀ ಉಣ್ಣು."

ಅವಳು ನೋಡುತ್ತಿರುವಾಗಲೇ ಎಲ್ಲವನ್ನೂ ಉಂಡೆ.