ಗೋಲು ಹೊಡೆಯಲು ಬಂದ ಸೊಸೆ

ಪಾಲಿಬೆಟ್ಟದ ಹತ್ತಿರ ಕಾಫಿ ತೋಟವಿರುವ ನನ್ನ ಗಂಡನ ಮನೆಯವರು ನನ್ನನ್ನು ಒಪ್ಪಿಕೊಂಡಿದ್ದು ಮುಖ ನೋಡಿ ಅಲ್ಲ, ಹಾಕಿ ಆಟ ನೋಡಿ. ಅದನ್ನೂ ನೋಡಿರಲಿಲ್ಲ, ಕೇಳಿದ್ದರು ಅಷ್ಟೆ. ನಮ್ಮ ಕೊಡಗಿನಲ್ಲಿ ಬೇಸಿಗೆ ಬಂತೆಂದರೆ ಮನೆತನ ಮನೆತನಗಳ ನಡುವೆ ಹಾಕಿ ಪಂದ್ಯ. ಅಜ್ಜಂದಿರು, ಸೊಸೆಯಂದಿರು, ಶಾಲೆಗೆ ಹೋಗುವವರು ಎಲ್ಲರೂ ಒಂದೇ ತಂಡ. ಈ ಮನೆತನ ಮೊದಲ ಸುತ್ತು ದಾಟಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಹಾಗಾಗಿ ರಾಜ್ಯ ತಂಡಕ್ಕೆ ಆಡಿದ ಹುಡುಗಿ ಇದ್ದಾಳೆಂದು ತಿಳಿದ ಕೂಡಲೇ, ಬೇರೆಯವರು ಕೈ ಹಾಕುವ ಮೊದಲೇ ಜೀಪು ತುಂಬ ಬಂದು ಮಾತು ಮುಗಿಸಿದರು. ಲೀಗಿನ ಹರಾಜಿನಲ್ಲಿ ಮೊದಲ ಆಟಗಾರನನ್ನು ಎತ್ತಿಕೊಂಡ ಹಾಗೆ.

ಅಜ್ಜಿಯ ತವರು ಯಾವುದು ಎಂಬುದರವರೆಗೆ ವಿಚಾರಿಸಿದರು. ಯಾವ ಜಾಗದಲ್ಲಿ ಆಡುತ್ತೀ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಾನು ಗೋಲ್‌ಕೀಪರ್.

ಮದುವೆಯಾದ ಮೇಲೆ ವಿಷಯ ಹೊರಬಿತ್ತು. ಅತ್ತೆ ಮಾವನ ಮುಖ ನೋಡಿದರು, ಮಾವ ಅಂಗಳ ನೋಡಿದರು. ಆ ಮನೆಯ ಗೋಲು ಮಾವನ ಅಣ್ಣನದು, ಅಂದರೆ ನನ್ನ ದೊಡ್ಡ ಮಾವನದು. ಕೂದಲು ಕಪ್ಪಿದ್ದಾಗ ನಿಂತವರು, ಬೆಳ್ಳಗಾದರೂ ನಿಂತೇ ಇದ್ದರು. ಚೆಂಡು ಒಳಗೆ ಹೋದ ಮೇಲೆ ಬಗ್ಗುತ್ತಿದ್ದರು. ಮನೆಯ ಹಿರಿಯರಿಗೆ ಸರಿಯಿರಿ ಎನ್ನುವ ಧೈರ್ಯ ಯಾರಿಗಿದೆ?

"ಹಾಕಿ ಅಂದ್ರೆ ಹಾಕಿ ಅಲ್ವಾ? ನೀನು ಮುಂದೆ ಆಡು," ಎಂದ ನನ್ನ ಗಂಡ. ಆ ಕ್ಷಣ ಅವನನ್ನು ತವರಿಗೆ ಕಳಿಸಬೇಕೆನಿಸಿತು, ಆದರೆ ಅವನ ತವರಲ್ಲೇ ನಾವಿದ್ದೆವು.

ಮೊದಲ ವರ್ಷ ಫಾರ್ವರ್ಡ್ ಆಡಿದೆ. ಖಾಲಿ ಗೋಲಿನೆದುರು ಚೆಂಡನ್ನು ಹೊರಗೆ ಹೊಡೆದೆ. ಮೈಕಿನವನು "ರಾಜ್ಯ ಆಟಗಾರ್ತಿ... ಅಯ್ಯಯ್ಯೋ!" ಎಂದದ್ದು ಗುಡ್ಡದಾಚೆಗೂ ಕೇಳಿಸಿರಬೇಕು. ಅಲ್ಲಿಂದ ಯಾವ ಮದುವೆಗೆ ಹೋದರೂ ನನ್ನದೇ ವಿಮರ್ಶೆ. ಪಂದಿ ಕರಿ ಬಡಿಸುತ್ತಲೇ ಒಬ್ಬ ಚಿಕ್ಕತ್ತೆ, "ಗಿಡ ಒಳ್ಳೇ ನರ್ಸರಿದೇ, ಫಸಲು ಮಾತ್ರ ಇಲ್ಲ," ಎಂದರು. ನಗುವವರೆಲ್ಲ ನಕ್ಕರು. ನಾನೂ ನಕ್ಕು, ಮನೆಗೆ ಬಂದು ಅತ್ತುಬಿಟ್ಟೆ. ನನಗೆ ಬರುವ ಕೆಲಸ ಮಾಡಲು ಬಿಡದೆ, ಬರದ ಕೆಲಸಕ್ಕೆ ಅಂಕ ಹಾಕುತ್ತಿದ್ದರಲ್ಲ ಎಂಬ ಸಂಕಟ ನನ್ನನ್ನು ತಿನ್ನುತ್ತಿತ್ತು.

ಮರುವರ್ಷ ಮೊದಲ ಪಂದ್ಯ ಅದು ಹೇಗೋ ಸಮವಾಯಿತು. ಎದುರಾಳಿಗಳು ನಮಗಿಂತ ಕೆಟ್ಟದಾಗಿ ಆಡಿದರು, ಬೇರೆ ಕಾರಣವಿಲ್ಲ. ಇನ್ನು ಶೂಟೌಟ್. ದೊಡ್ಡ ಮಾವ ಮೊಣಕಾಲು ಒತ್ತಿಕೊಳ್ಳುತ್ತ ಗೋಲಿನತ್ತ ಹೊರಟರು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವರ ಕಾಲು ಮುಟ್ಟಿ, ಏಳುವ ಮೊದಲೇ ಹೇಳಿಬಿಟ್ಟೆ.

"ದೊಡ್ಡ ಮಾವ, ಪ್ಯಾಡ್ ನನಗೆ ಕೊಡಿ."

ಚಿಕ್ಕತ್ತೆಯ ಕೈ ಬಾಯಿಗೆ ಹೋಯಿತು. ದೊಡ್ಡ ಮಾವ ನನ್ನನ್ನು ದುರುಗುಟ್ಟಿ ನೋಡಿದರು.

"ಇಷ್ಟು ದಿನ ಎಂತ ಮಾಡ್ತಿದ್ದೆ ಮಾರಾಯ್ತಿ? ಯಾರಾದ್ರೂ ಕೇಳ್ತಾರಾ ಅಂತ ಕಾದು ಕಾದು ನನ್ನ ಕಾಲೇ ಹೋಯ್ತು!"

"ನೀವೇ ಬಿಡಬಹುದಿತ್ತಲ್ಲ ಅಣ್ಣ?" ಎಂದರು ಮಾವ ಮೆಲ್ಲಗೆ.

"ಯಾರೂ ಕೇಳ್ದೆ ಬಿಡುದು ಹೇಗೆ? ಮನೆಯವ್ರಿಗೆ ಬೇಜಾರಾಗಲ್ವಾ?"

ಪ್ಯಾಡ್ ಬಿಚ್ಚಿ ಅವರೇ ಬಗ್ಗಿ ನನ್ನ ಕಾಲಿಗೆ ಕಟ್ಟತೊಡಗಿದರು. ಹಿರಿಯರು ನನ್ನ ಕಾಲು ಮುಟ್ಟುವುದೇ? ನಾನು ಹಿಂದೆ ಸರಿದೆ. "ಸುಮ್ನೆ ನಿಲ್ಲು ಮಗಳೇ," ಎಂದು ಗದರಿದರು. ನನ್ನ ಕಣ್ಣು ತುಂಬಿತು. ಕಟ್ಟಿ ಮುಗಿಸಿದ ಮೇಲೆ ಅವರಿಗೆ ಏಳಲಾಗಲಿಲ್ಲ. ಮಾವ ಮತ್ತು ನನ್ನ ಗಂಡ ರಟ್ಟೆ ಹಿಡಿದು ಎತ್ತುವವರೆಗೆ ಅಂಪೈರ್ ಕಾದರು.

ಆಮೇಲೆ ನಾನು ಒಂದೂ ಬಿಡಲಿಲ್ಲ. ಗೆದ್ದೆವು. ಚಿಕ್ಕತ್ತೆ ನನ್ನನ್ನು ತಬ್ಬಿಕೊಂಡು, ಫಸಲು ಬರುತ್ತದೆಂದು ತನಗೆ ಮೊದಲೇ ಗೊತ್ತಿತ್ತು ಎಂದು ಊರಿಗೆಲ್ಲ ಕೇಳುವಂತೆ ಹೇಳಿದರು. ಎರಡನೆಯ ಸುತ್ತು ಮರುದಿನವೇ ಇತ್ತು. ಫಾರ್ವರ್ಡ್ ಜಾಗ ಖಾಲಿಯಾಯಿತಲ್ಲ, ಯಾರನ್ನು ಹಾಕುವುದೆಂದು ಸಂಜೆ ಮನೆಯ ಜಗಲಿಯಲ್ಲಿ ಎಲ್ಲರೂ ಕೂತು ಚರ್ಚೆ ಶುರುಮಾಡಿದರು.

"ನಾನಿಲ್ವಾ?" ಎಂದರು ದೊಡ್ಡ ಮಾವ. "ನಿಂತೂ ನಿಂತೂ ಬಂದ ನೋವು ಇದು. ಓಡಿದ್ರೆ ಸರಿ ಹೋಗ್ತದೆ."

ಎಲ್ಲರೂ ನನ್ನ ಮುಖ ನೋಡಿದರು, ಹಿರಿಯರಿಗೆ ಬೇಡವೆನ್ನುವ ಕೆಲಸ ಇನ್ನು ಮುಂದೆ ನನ್ನದೇ ಎನ್ನುವಂತೆ. ನಾನು ಅಂಗಳ ನೋಡಿದೆ.